ಪಿಸುಮಾತಿಗೆ ದಾರಿ ಮಾಡಿದ ಅಕ್ಕ

ನಮ್ಮಕ್ಕ ಹಟ ಹಿಡಿದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾರ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುತ್ತಾಳೆ. ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಂಟರ್‌ನೆಟ್ ಕರೆಯಲ್ಲಿ ನಮ್ಮ ಮಾತನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುವ ಒಂದು ತಂತ್ರಾಂಶವನ್ನು ತಿದ್ದುತ್ತಾಳೆ. ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಸಂಬಳ ಮಾತ್ರ ಯಾರಿಗೂ ಇಲ್ಲ. ತಟ್ಟೆ ಇಡಲು ಜಾಗವಿಲ್ಲವೆಂದು ನಾನು ಎಷ್ಟು ಗೊಣಗಿದರೂ ಹೆಡ್‌ಫೋನ್ ಹಾಕಿದವಳಿಗೆ ಕೇಳಿಸಬೇಕಲ್ಲ.

ಈ ಸಲದ ಹಟ ದೊಡ್ಡಪ್ಪನಿಗಾಗಿ. ಗಂಟಲ ಆಪರೇಷನ್ ಆದ ಮೇಲೆ ಅವರಿಗೆ ಉಳಿದದ್ದು ಬರೀ ಉಸಿರಿನಂಥ ಪಿಸುಮಾತು. ಎದುರಿಗೆ ಕೂತರೆ ತಿಳಿಯುತ್ತಿತ್ತು. ಆದರೆ ದೂರದಲ್ಲಿರುವ ತಂಗಿಗೆ, ಅಂದರೆ ನಮ್ಮ ಅತ್ತೆಗೆ, ಕರೆ ಮಾಡಿದರೆ ಈ ತಂತ್ರಾಂಶ ಅದನ್ನು ಫ್ಯಾನಿನ ಸದ್ದೆಂದುಕೊಂಡು ಅಳಿಸಿಬಿಡುತ್ತಿತ್ತು. ಆ ಕಡೆ ಅತ್ತೆ ಹಲೋ ಹಲೋ ಎಂದು ಸುಸ್ತಾಗುತ್ತಿದ್ದರು. ಕೊನೆಗೆ ದೊಡ್ಡಪ್ಪ ಫೋನ್ ಮುಟ್ಟುವುದನ್ನೇ ಬಿಟ್ಟರು. ನೋಡಿದರೆ ಸಂಕಟವಾಗುತ್ತಿತ್ತು.

ಅಕ್ಕ ತಿದ್ದಿದಳು. ಆದರೆ ಆ ಕೆಲಸದಲ್ಲೊಂದು ಪದ್ಧತಿಯಿದೆ: ಯಾವುದು ಹಳೆಯ ತಂತ್ರಾಂಶದ ದನಿ, ಯಾವುದು ಹೊಸದರದ್ದು ಎಂದು ಹೇಳದೆ ಜನರಿಗೆ ಕೇಳಿಸಿ, ಐದಕ್ಕೆ ಎಷ್ಟು ಅಂಕವೆಂದು ಕೇಳಬೇಕು. ಅವಳು ದೊಡ್ಡಪ್ಪನಿಂದ ಒಂದು ಕಥೆ ಹೇಳಿಸಿ ರೆಕಾರ್ಡ್ ಮಾಡಿಕೊಂಡು, ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿದಳು. ನಾವು ಧಾರಾಳವಾಗಿ ಎಲ್ಲಕ್ಕೂ ಐದು ಕೊಟ್ಟೆವು, ಅರ್ಧ ಮಾತು ನುಂಗಿದ ಹಳೆಯದಕ್ಕೂ. ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾರೆಂದು ನಮಗೆ ಗೊತ್ತು. ಬಿಟ್ಟುಹೋದದ್ದನ್ನು ನಾವೇ ತುಂಬಿಕೊಂಡಿದ್ದೆವು.

“ನಿಮ್ಮ ಕಿವಿ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?” ಎಂದಳು ಅಕ್ಕ.

ಮರುದಿನದಿಂದ ಅಂಗಡಿಯ ಗಿರಾಕಿಗಳಿಗೆ ಕನ್ನಡಕದ ಜೊತೆ ಹೆಡ್‌ಫೋನೂ ಏರಿತು. ದೊಡ್ಡಪ್ಪನನ್ನು ಕಂಡೇ ಇರದ ಅವರು ಹಳೆಯದಕ್ಕೆ ಮುಖ ಸಿಂಡರಿಸಿದರು, ಹೊಸದಕ್ಕೆ ತಲೆದೂಗಿದರು. ಪಕ್ಕದಂಗಡಿಯ ದರ್ಜಿಯಂತೂ ಕಥೆ ಪೂರ್ತಿ ಕೇಳಿಸಬೇಕೆಂದು ಪಟ್ಟು ಹಿಡಿದ. ಆ ತಂತ್ರಾಂಶದ ಉಸ್ತುವಾರಿ ನೋಡುವ ಹಿರಿಯರೂ ಅಕ್ಕನ ತಿದ್ದುಪಡಿಯನ್ನು ಒಪ್ಪಿದರು.

ಹೊಸ ತಂತ್ರಾಂಶ ಎರಡೂ ಫೋನಿಗೆ ಬಂದ ಭಾನುವಾರ ನಾವೆಲ್ಲ ದೊಡ್ಡಪ್ಪನ ಸುತ್ತ ಕೂತೆವು. ಅವರು ಒಲ್ಲದ ಮನಸ್ಸಿನಿಂದ ಫೋನ್ ಹಿಡಿದು, “ನಾನು ಕಣೇ” ಎಂದರು. ಆ ಕಡೆ ಸದ್ದಿಲ್ಲ. ಅಕ್ಕ ಬಗ್ಗಿ ಫೋನಿನ ಸ್ಪೀಕರ್ ಜೋರು ಮಾಡಿದಳು.

ಆಮೇಲೆ ಅತ್ತೆ ಮೂಗೊರೆಸಿಕೊಂಡದ್ದು ಕೇಳಿಸಿತು. “ಕೇಳಿಸ್ತಿದೆ ಅಣ್ಣ. ನಿನ್ನ ದನಿ ಈಗ ಹೀಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮಾತಾಡ್ತಾ ಇರು.”

ದೊಡ್ಡಪ್ಪ ಹಿಂದಿರುಗಿ ನೋಡಲಿಲ್ಲ. ಮಂಡಿನೋವಿನಿಂದ ಶುರುವಾಗಿ ಬಾಲ್ಯದ ಜಗಳದವರೆಗೆ ಹೋಯಿತು ಮಾತು. ಸಂತೋಷ ತಡೆಯಲಾರದೆ ಅಕ್ಕ ಜೋರಾಗಿ ನಕ್ಕಳು. ದೊಡ್ಡಪ್ಪ ತುಟಿಗೆ ಬೆರಳಿಟ್ಟು ಗದರಿದರು.

“ಗಲಾಟೆ ಮಾಡ್ಬೇಡಮ್ಮ, ನಾನು ಮಾತಾಡ್ತಿದ್ದೀನಿ.”