ಜ್ವರದ ದಿನದ ಸೊಪ್ಪು

ಮುನಿಲಕ್ಷ್ಮಿ ಆಂಜಿನಮ್ಮನವರನ್ನು ಮೊದಲು ಕಂಡದ್ದು ಚಿಕ್ಕಬಳ್ಳಾಪುರದ ಕಾಲೇಜಿನ ಲೈಬ್ರರಿಯಲ್ಲಿ, ರೇಷ್ಮೆ ವಿಭಾಗದಲ್ಲಿ ಸಂಶೋಧನೆಗೆ ಸೇರಿದ ಮೊದಲ ಸೋಮವಾರ. ನೀಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೆರಾಕ್ಸ್ ಮಿಷನ್ನಿನೊಳಗೆ ಮೊಣಕೈವರೆಗೆ ಕೈಹಾಕಿ, ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಬ್ಯಾಗು ಹೊರಗಿಡಲು ಹೇಳಿದರು. ಹಾಳೆ ಕೈಗೆ ಬಂದ ಮೇಲೆ ಹಿಪ್ಪುನೇರಳೆ ಸೊಪ್ಪು ಬಿಡಿಸಿ ಕಪ್ಪಾದ ಹುಡುಗಿಯ ಬೆರಳ ತುದಿಗಳನ್ನು ನೋಡಿದರು.

"ಹುಳ ಸಾಕೋ ಮನೆಯೋಳಾ? ಯಾವೂರಮ್ಮ?"

ಶಿಡ್ಲಘಟ್ಟದ ಕಡೆ ಎಂದಾಗ, ತಾವೂ ಆ ಕಡೆಯವರೇ, ತಮ್ಮ ಮನೆಯಲ್ಲೂ ಹುಳವಿದೆ ಎಂದು ಸ್ಟೂಲು ಎಳೆದುಕೊಟ್ಟರು. ಏಳನೇ ತರಗತಿಗೇ ಓದು ಬಿಟ್ಟವರು. ಲೈಬ್ರರಿಯಲ್ಲಿ ಅಟೆಂಡರ್ ಆಗಿ ಹತ್ತೊಂಬತ್ತು ವರ್ಷ.

ಮೂರು ವರ್ಷ ಮುನಿಲಕ್ಷ್ಮಿ ಹನ್ನೆರಡು ಹುಳಮನೆಗಳಿಗೆ ಓಡಾಡಿ, ದಿನಕ್ಕೆಷ್ಟು ಸೊಪ್ಪು ಹಾಕಿದರೆ ಗೂಡು ಎಷ್ಟು ತೂಗುತ್ತದೆ ಎಂದು ಬರೆದುಕೊಂಡಳು. ಪ್ರಬಂಧ ಒಪ್ಪಿಸಲು ಜೂನ್ ಕೊನೆಯೇ ಗಡುವು, ಅಷ್ಟರೊಳಗೆ ಒಂದು ಲೇಖನ ಅಚ್ಚಾಗಿರಬೇಕು. ಎಲ್ಲಾದರೂ ಒಂದು ಕಡೆ ಹಾಕಿಸಮ್ಮ ಎಂದು ಗೈಡ್ ಕೈತೊಳೆದುಕೊಂಡರು. ಆಗಲೇ ಪತ್ರಿಕೆಯೊಂದರಿಂದ ಲೇಖನ ಕೇಳಿ ಮಿಂಚಂಚೆ ಬಂತು, 'ಗೌರವಾನ್ವಿತ ಡಾಕ್ಟರ್ ಮುನಿಲಕ್ಷ್ಮಿಯವರೇ' ಎಂದು. ಅವಳಿನ್ನೂ ಡಾಕ್ಟರ್ ಆಗಿರಲಿಲ್ಲ. ಮನೆಯಲ್ಲಿ ಪದವಿ ಕಂಡವಳೇ ಇವಳೊಬ್ಬಳು. ಆ ಸಾಲನ್ನು ಅಪ್ಪ ಮುನಿಶಾಮಪ್ಪನಿಗೆ ಎರಡು ಸಲ ಓದಿ ಹೇಳಿದಳು. ಅದು ಜಗತ್ತಿನ ಯಾರಾದರೂ ಪುಕ್ಕಟೆ ಓದಬಹುದಾದ ಅಂತರರಾಷ್ಟ್ರೀಯ ಪತ್ರಿಕೆಯಂತೆ, ಖರ್ಚು ಬರೆದವರದಂತೆ. ಲೇಖನ ಕಳಿಸಿದ ನಾಲ್ಕನೇ ದಿನವೇ ಉತ್ತರ ಬಂತು: ಇಬ್ಬರು ತಜ್ಞರು ಪ್ರತಿ ಸಾಲೂ ಪರಿಶೀಲಿಸಿದ್ದಾರೆ, ತಿದ್ದುವುದೇನೂ ಇಲ್ಲ, ಶುಕ್ರವಾರದೊಳಗೆ ಶುಲ್ಕ ಕಟ್ಟಿ.

ಗೈಡ್‌ಗೆ ಕೊಡಲು ಲೈಬ್ರರಿಯಲ್ಲಿ ಲೇಖನದ ಪ್ರತಿ ಮಾಡಿಸುತ್ತ ಇದನ್ನೆಲ್ಲ ಸಂಭ್ರಮದಿಂದ ಹೇಳಿದಳು. ಆಂಜಿನಮ್ಮನವರು ಪಿನ್ ಹೊಡೆಯುವ ಮುಂಚೆ ಪುಟಗಳನ್ನು ತಿರುವಿದರು. ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಎರಡನೇ ಕೋಷ್ಟಕದಲ್ಲಿ ಬೆರಳು ನಿಂತಿತು.

"ಇದು ದಿನ, ಇದು ಸೊಪ್ಪಿನ ಕೆ.ಜಿ. ತಾನೆ? ನಾಲ್ಕನೇ ಜ್ವರಕ್ಕೆ ಯಾವತ್ತು ಕೂತ್ವು?"

"ಹದಿನೇಳನೇ ದಿನ, ಅಕ್ಕ."

"ಮತ್ತೆ ಅವತ್ತು ಮೂವತ್ತೆಂಟು ಕೆ.ಜಿ. ಹಾಕಿದೀಯ. ಜ್ವರದಲ್ಲಿರೋ ಹುಳ ಸೊಪ್ಪು ಮುಟ್ಟುತ್ತೇನಮ್ಮ?"

ಹುಳ ಪೊರೆ ಬಿಡಲು ತಲೆ ಎತ್ತಿ, ಏನೂ ತಿನ್ನದೆ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಶಿಡ್ಲಘಟ್ಟದ ಮಕ್ಕಳಿಗೂ ಗೊತ್ತಿರುವ ಸಂಗತಿ. ನೋಟ್‌ಬುಕ್ಕಿನಿಂದ ಕಂಪ್ಯೂಟರಿಗೆ ಇಳಿಸುವಾಗ ಒಂದು ಸಾಲು ಮೇಲೆ ಜಾರಿ, ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪಿತ್ತು. ಮುನಿಲಕ್ಷ್ಮಿಗೆ ನಾಚಿಕೆಯಾಯಿತು. ಆದರೂ ಅವಳ ಕಣ್ಣು ಆ ಬೆರಳ ಮೇಲೇ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರ ಪುಟಗಳು ಅದರಡಿ ಹಾದುಹೋಗಿರಬೇಕು, ಯಾರೂ ಅವರನ್ನು ಏನೂ ಕೇಳಿರಲಿಲ್ಲ.

"ಇಬ್ಬರು ದೊಡ್ಡೋರು ನೋಡಿದಾರೆ ಅಂದ್ಯಲ್ಲ," ಎಂದರು ಆಂಜಿನಮ್ಮ. "ನೋಡಿದ್ರೆ ಇದನ್ನ ಕೇಳ್ತಿರಲಿಲ್ವಾ?"

ಆ ಮಧ್ಯಾಹ್ನವೇ ಅವಳು ಪತ್ರಿಕೆಯ ಸಂಪಾದಕರ ಪಟ್ಟಿಯಲ್ಲಿದ್ದ ಪ್ರಾಧ್ಯಾಪಕರೊಬ್ಬರಿಗೆ ಬರೆದಳು. ಆ ಪತ್ರಿಕೆಯ ಹೆಸರೇ ಕೇಳಿಲ್ಲ, ತಮ್ಮ ಹೆಸರು ಯಾರು ಹಾಕಿದರೋ ಎಂದು ಅವರು ಉತ್ತರಿಸಿದರು.

ದುಡ್ಡು ಕಟ್ಟಿದರೆ ಗಡುವು ಉಳಿಯುತ್ತಿತ್ತು, ತಪ್ಪು ಕೋಷ್ಟಕ ಅವಳ ಹೆಸರಲ್ಲೇ ಶಾಶ್ವತವಾಗಿ ನಿಲ್ಲುತ್ತಿತ್ತು. ಕಟ್ಟದಿದ್ದರೆ ಜೂನ್ ಕೈತಪ್ಪುತ್ತಿತ್ತು. ಅವಳು ಕಟ್ಟಲಿಲ್ಲ. ಲೇಖನ ವಾಪಸ್ ಪಡೆಯಲೂ ಶುಲ್ಕವಿದೆ, ಇವತ್ತೇ ಕಟ್ಟಿ ಎಂದು ದಿನಕ್ಕೆರಡು ಸಂದೇಶ ಬರತೊಡಗಿದವು. ಆಂಜಿನಮ್ಮನವರು ನಕ್ಕರು: "ಗಂಡಿನ ಕಡೆಯೋರೂ ಇಷ್ಟು ಅವಸರ ಮಾಡಲ್ಲ ಕಣಮ್ಮ."

ಗಡುವು ಕಳೆಯಿತು. ಕಾಡಿಬೇಡಿ ಒಂದು ವರ್ಷದ ವಿಸ್ತರಣೆ ಪಡೆದಳು. ಹನ್ನೆರಡು ಮನೆಯ ಅಂಕಿಗಳನ್ನೂ ಮತ್ತೆ ತಾಳೆ ನೋಡಿ, ವಿದ್ವಾಂಸರ ಸಂಘವೊಂದು ನಡೆಸುವ ಹಳೇ ಪತ್ರಿಕೆಗೆ ಕಳಿಸಿದಳು. ಐದು ತಿಂಗಳು ಸದ್ದಿಲ್ಲ. ಆಮೇಲೆ ಒಂಬತ್ತು ಪ್ರಶ್ನೆಗಳು ಬಂದವು. ಮೊದಲನೆಯದು, ತಟ್ಟೆಯಲ್ಲಿ ಹುಳ ತಿನ್ನದೆ ಬಿಟ್ಟ ಸೊಪ್ಪನ್ನು ತೂಗಿ ಕಳೆದಿದ್ದೀರಾ ಎಂದು. ಮುನಿಲಕ್ಷ್ಮಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು.

ಆಂಜಿನಮ್ಮನವರು ಮಿಷನ್ ನಿಲ್ಲಿಸಿದರು.

"ಇವರು ನೋಡಿದಾರೆ," ಎಂದರು.

ಉತ್ತರಗಳನ್ನು ಬರೆದು ಕಳಿಸಿದ ಮೇಲೆ, ವಿಸ್ತರಣೆಯ ವರ್ಷದೊಳಗೇ ಲೇಖನ ಅಚ್ಚಾಯಿತು.

ಆಂಜಿನಮ್ಮನವರು ಈಗಲೂ ಅದೇ ಲೈಬ್ರರಿಯಲ್ಲಿ ಅಟೆಂಡರ್. ಬೆಳಿಗ್ಗೆ ಮನೆಯ ಹುಳಕ್ಕೆ ಸೊಪ್ಪು ಹಾಕಿ ಬಸ್ಸಿಗೆ ಬರುತ್ತಾರೆ, ಜೆರಾಕ್ಸ್ ಮಾಡುತ್ತಾರೆ, ರೇಷ್ಮೆ ವಿಭಾಗದವರು ಲೇಖನ ಕಳಿಸುವ ಮೊದಲು ತಂದಿಡುವ ಕೋಷ್ಟಕಗಳನ್ನು ನೋಡುತ್ತಾರೆ.