ಹದಿನಾಲ್ಕು ಮೆಟ್ಟಿಲ ಮೇಲಿನ ಕುರ್ಚಿ

ಬೆಳಗಿನ ಆರು. ತೆಸ್ಮೆಲುಕಾನ್ ಪಟ್ಟಣದ ಬಟ್ಟೆ ಬೀದಿಯಲ್ಲಿ ಇನ್ನೂ ಒಂದು ಷಟರೂ ಎದ್ದಿಲ್ಲ. ತಮಾಲೆ ಕಡುಬು ಮಾರುವವಳ ಹಬೆಯಾಡುವ ಹಂಡೆಯ ಪಕ್ಕದಲ್ಲಿ, ಬೀದಿದೀಪಕ್ಕೆ ಕಾಗದ ಹಿಡಿದು ನಿಂತಿದ್ದಾರೆ ದೊಮಿತಿಲಾ ತೊಷ್ಕಿ. ಮೆಕ್ಸಿಕೋ ನಗರದ ಮೊದಲ ಬಸ್ಸು ತಂದ ಸರ್ಕಾರಿ ಗೆಜೆಟ್ಟಿನ ಜೆರಾಕ್ಸು. ಕಾರ್ಮಿಕ ಕಾನೂನಿನಲ್ಲಿ ಏನಾದರೂ ಬದಲಾಗಿದ್ದರೆ, ಅಂಗಡಿ ತೆರೆಯುವ ಹೊತ್ತಿಗೆ ಅದು ನಾಲ್ಕು ಸಾಲಿನ ಸರಳ ಮಾತಾಗಿ ರಟ್ಟಿನ ಮೇಲೆ ಇಳಿಯಬೇಕು. ಮೂವತ್ತೆಂಟು ಅಂಗಡಿಗಳ ಗೋಡೆ ಸೇರಬೇಕು.

"ಬಂದ್ಳಪ್ಪಾ ಗೆಜೆಟ್ಟಮ್ಮ! ಇವತ್ತು ಯಾರ ತಲೆ ಮೇಲೆ ಕಲ್ಲು?" ತಮಾಲೆಯವಳು ಕಿಚಾಯಿಸುತ್ತಾಳೆ.

"ನಿನ್ ತಲೆ ಮೇಲಂತೂ ಅಲ್ಲ. ಸುಮ್ನೆ ಖಾರ ಹಾಕು."

ವಯಸ್ಸು ಐವತ್ತೊಂಬತ್ತು. ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದವರು. ಹೊಸ ನಿಯಮವೊಂದು ಬಂದದ್ದೇ ತಿಳಿಯದೆ ಅವರ ಮಾಲೀಕ ದಂಡ ಕಟ್ಟಿ ಸೋತು, ಕಾರ್ಖಾನೆಗೆ ಬೀಗ ಹಾಕಿದ. "ಕೆಟ್ಟೋನೇನಲ್ಲ, ಪಾಪ. ಹೇಳೋರಿರಲಿಲ್ಲ, ಅಷ್ಟೆ. ಹದಿನೇಳು ಜನ ಬೀದಿಗೆ ಬಿದ್ವಿ." ಅಂದಿನಿಂದ ಹೇಳುವವರು ಅವರೇ. ಅಂಗಡಿಗೆ ತಿಂಗಳಿಗೆ ಅರವತ್ತು ಪೆಸೊ, ಕೊಟ್ಟರೆ. ನರ ಉಬ್ಬಿದ ಕಾಲುಗಳಲ್ಲಿ ದಿನಕ್ಕೆ ಒಂಬತ್ತು ಕಿಲೋಮೀಟರ್.

ಮಾಲೀಕರೆಲ್ಲ ಕೇಳುವುದು ಒಂದೇ ಪ್ರಶ್ನೆ: ಕಡಿಮೆಯೆಂದರೆ ಎಷ್ಟು ಮಾಡಿದರೆ ಸಾಕು?

ಕುರ್ಚಿ ಕಾಯಿದೆ ಬಂದಾಗ ಪರದೆ ಬಟ್ಟೆಯ ಅಂಗಡಿಯ ದೋನ್ ಎವಾರಿಸ್ತೋ ಕೂಡ ಅದನ್ನೇ ಕೇಳಿದ. ನಿಂತು ದುಡಿಯುವವರಿಗೆ ಬೆನ್ನಾನಿಕೆಯ ಕುರ್ಚಿ ಕೊಡಬೇಕು ಎನ್ನುತ್ತದೆ ಕಾಯಿದೆ. "ಕೌಂಟರ್ ಹತ್ರಾನೇ ಇಡ್ಬೇಕಾ ದೋನ್ಯಾ ದೊಮಿ? ಗಿರಾಕಿ ಮುಂದೆ ಕೂತ್ರೆ ಸೋಮಾರಿ ಅಂಗಡಿ ಅಂತಾರೆ." ದೊಮಿತಿಲಾ ಕಾಗದ ನೋಡಿದರು. ಬೇರೆ ಜಾಗ ಗೊತ್ತುಮಾಡಿ ಅಲ್ಲಿಟ್ಟರೂ ಆದೀತು ಎಂದಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದರು. ಕುರ್ಚಿ ಮಹಡಿಯ ಗೋದಾಮಿಗೆ ಹೋಯಿತು. ಹದಿನಾಲ್ಕು ಮೆಟ್ಟಿಲು.

ಕೌಂಟರಿನಲ್ಲಿ ನಿಲ್ಲುವ ನೊಯೆಮಿಗೆ ಆಗ ಏಳು ತಿಂಗಳ ಬಸಿರು. ಒಂದು ಮಧ್ಯಾಹ್ನ ಕಾಲು ಊದಿ ನಿಲ್ಲಲಾಗದೆ, ಕೂರಲೆಂದು ಮೆಟ್ಟಿಲು ಹತ್ತಿದಳು. ಹನ್ನೊಂದನೆಯದರಿಂದ ಬಿದ್ದಳು. ಮಗು ಉಳಿಯಲಿಲ್ಲ.

"ನಾನು ಹೇಳಿದ್ದು ತಪ್ಪಲ್ಲ," ಎನ್ನುತ್ತಾರೆ ದೊಮಿತಿಲಾ. ತಮಾಲೆ ಕೈಯಲ್ಲೇ ಆರುತ್ತಿದೆ. "ಕಾಗದದಲ್ಲಿ ಹಂಗೇ ಇತ್ತು. ಅದೇ ನೋಡಿ ನನ್ನ ಸುಡೋದು. ಮೆಟ್ಲು ಎಷ್ಟು ಅಂತ ನಾನು ಕೇಳ್ಲೇ ಇಲ್ಲ."

ಈಗ ಕೇಳುತ್ತಾರೆ. ರಟ್ಟು ಅಂಟಿಸುವ ಮುಂಚೆ ಪ್ರತಿ ಅಂಗಡಿಯಲ್ಲೂ ಕುರ್ಚಿಯನ್ನು ತಾವೇ ಎಳೆದು ತಂದು, ಕೌಂಟರಿನ ಪಕ್ಕ ಇಟ್ಟು, ಒಮ್ಮೆ ಕೂತು ನೋಡುತ್ತಾರೆ. ಕಾಯಿದೆ ಅಷ್ಟೆಲ್ಲ ಕೇಳುವುದಿಲ್ಲವಲ್ಲ ಎಂದು ಮಾಲೀಕರು ಮುಖ ಸಿಂಡರಿಸುತ್ತಾರೆ. ನಲವತ್ತನಾಲ್ಕಿದ್ದ ಅಂಗಡಿಗಳು ಮೂವತ್ತೆಂಟಾದದ್ದು ಹೀಗೆ.

ಒಂಬತ್ತಕ್ಕೆ ಎವಾರಿಸ್ತೋನ ಅಂಗಡಿ. ಕುರ್ಚಿ ಈಗ ಕೆಳಗೇ ಇದೆ. ಅದರಲ್ಲಿ ಕೂತಿದ್ದ ನೊಯೆಮಿ, ದೊಮಿತಿಲಾರನ್ನು ಕಂಡದ್ದೇ ತಟ್ಟನೆ ಎದ್ದು ನಿಲ್ಲುತ್ತಾಳೆ.

"ಕೂತ್ಕೋ ಮಗಳೇ. ನಾನೇನು ಇನ್ಸ್‌ಪೆಕ್ಟರಾ?"

"ಇರ್ಲಿ ದೋನ್ಯಾ, ಅಭ್ಯಾಸ ಆಗಿದೆ."

ಎವಾರಿಸ್ತೋ ಬಟ್ಟೆಯ ಸುರುಳಿಗಳ ಹಿಂದೆ ಏನನ್ನೋ ಹುಡುಕತೊಡಗುತ್ತಾನೆ. ರಟ್ಟು ಅಂಟಿಸಿ ಮುಗಿಯುವವರೆಗೂ ಹುಡುಗಿ ನಿಂತೇ ಇರುತ್ತಾಳೆ. ಹೊರಗೆ ಬಂದ ದೊಮಿತಿಲಾ ಚೀಲ ಹೆಗಲಿಗೇರಿಸಿ, ಮುಂದಿನ ಅಂಗಡಿಯ ಕಡೆ ತಿರುಗುತ್ತಾ ಹೇಳುತ್ತಾರೆ:

"ನಂಗೆ ದೊಡ್ಡದೇನೂ ಬೇಡ. ಒಂದಿನ ನಾನು ಒಳಗೆ ಕಾಲಿಟ್ಟಾಗ ಅವ್ಳು ಏಳ್ದೆ, ಕೂತಲ್ಲಿಂದ್ಲೇ 'ಏನ್ ಬಂದ್ರಿ?' ಅಂದ್ರೆ ಸಾಕು."