ಕೈಗಾಡಿಯವರೂ ನಮ್ಮ ಕೆಂಪಿಯೂ

ಮನೆಯಿಂದ ಹೊರಡುವಾಗ ನನ್ನ ಬಗಲಿಗೆ ಒಂದು ಚೀಲ ತಾನಾಗಿಯೇ ಬಂದು ಕೂರುತ್ತದೆ. ಅದರೊಳಗೆ ಟಾರ್ಚು, ಛತ್ರಿ, ಜ್ವರದ ಮಾತ್ರೆ, ಮಾತ್ರೆ ಒಗ್ಗದಿದ್ದರೆ ಇರಲೆಂದು ಓಮಿನ ಡಬ್ಬಿ, ಕನ್ನಡಕ ಒಡೆದರೆ ಹಾಕಿಕೊಳ್ಳಲು ಹಳೆಯ ಕನ್ನಡಕ, ಹಳೆಯದೂ ಒಡೆದರೆ ಅಂಟಿಸಲು ಗೋಂದು. ಬರಬಹುದಾದ ವಿಪತ್ತುಗಳಿಗೆಲ್ಲ ಮುಂಚಿತವಾಗಿ ಮಣೆ ಹಾಕಿಡುವುದು ನನ್ನ ಸ್ವಭಾವ. ಅವುಗಳಲ್ಲಿ ಬಹುಪಾಲು ಬಾರದೆ ನನ್ನ ಆತಿಥ್ಯ ವ್ಯರ್ಥವಾಗುತ್ತದೆ. ಇಷ್ಟಾದ ಮೇಲೆ ಯಾರಾದರೂ ಒಂಟಿ ಸೀನು ಸೀನಿದರೆ ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನನ್ನ ಹೆಂಡತಿ ಸರೋಜ ಪ್ರತಿಸಲವೂ, "ಏನ್ರೀ, ಕಾಶಿಗಾ?" ಎಂದು ಕೇಳುತ್ತಾಳೆ. ನಾನು ಹೊರಟಿರುವುದು ಬೀದಿಯ ತುದಿಯ ಅಂಗಡಿಗೆ ಎಂಬುದು ಅವಳಿಗೆ ಗೊತ್ತು.

ಇಂಥವನ ಕೈಗೆ ತಿಪಟೂರಿನ ರದ್ದಿ ಅಂಗಡಿಯಲ್ಲಿ ರಟ್ಟು ಕಳೆದುಕೊಂಡ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿದ್ದು ವಿಧಿವಿಲಾಸವೇ ಸರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರ್ಮನ್ ಎಂಬ ಹೊಸ ಕ್ರೈಸ್ತ ಪಂಥವನ್ನು ಸೇರಿ, ಇಂಗ್ಲೆಂಡು ಡೆನ್ಮಾರ್ಕುಗಳ ಮನೆಮಾರು ತೊರೆದು, ಕಡಲು ದಾಟಿ, ಅಮೆರಿಕದ ಬಯಲಲ್ಲಿ ತಿಂಗಳುಗಟ್ಟಲೆ ನಡೆದು, ಉಪ್ಪುಸರೋವರವೊಂದರ ಪಕ್ಕದ ಬರಡು ನೆಲದಲ್ಲಿ ಊರು ಕಟ್ಟಿದವರ ಬಾಳಕಥೆಗಳು ಅದರಲ್ಲಿದ್ದವು. ಎತ್ತಿನ ಗಾಡಿಗೆ ಗತಿಯಿಲ್ಲದವರು ಕೈಗಾಡಿಗೆ ತಾವೇ ಎತ್ತುಗಳಾದರಂತೆ. ಭಾರ ಹೆಚ್ಚಾದಾಗ ಗಡಿಯಾರ, ಪಿಂಗಾಣಿ, ಹಾಸಿಗೆಗಳನ್ನು ದಾರಿಬದಿಗಿಟ್ಟು ನಡೆದರಂತೆ. ದಾರಿಯಲ್ಲೇ ಹೆತ್ತರು, ದಾರಿಯಲ್ಲೇ ಹೂಳಿದರು. ಅವರದು ಶ್ರದ್ಧೆ, ಸರಿ. ಆದರೆ ಅದರಲ್ಲೊಬ್ಬ ಮುದುಕಿ ಇದ್ದಳು. ಹೊಸ ಮತವನ್ನೂ ನಂಬದವಳು, ನೀರೆಂದರೆ ನಡುಗುವವಳು. ಒಂದು ಪುಟದಲ್ಲಿ ಮಗಳೂ ಅಳಿಯನೂ ಹಸುಗೂಸನ್ನೆತ್ತಿಕೊಂಡು ಹಡಗಿಗೆ ಹೊರಡುತ್ತಾರೆ, ಈಕೆ ಬಾಗಿಲು ಹಾಕಿಕೊಂಡು ಬಯ್ಯುತ್ತಾಳೆ. ಮುಂದಿನ ಹಾಳೆ ಹರಿದುಹೋಗಿದೆ. ಅದರ ಮುಂದಿನದರಲ್ಲಿ ನೋಡಿದರೆ ಮುದುಕಿ ಹಡಗಿನಲ್ಲಿದ್ದಾಳೆ, ಹಾಗೇ ಬಯ್ಯುತ್ತಿದ್ದಾಳೆ! ನಡುವೆ ಏನಾಯಿತು? ಚಿಂತೆಗೆ ಕಾರಣ ಸಾಲದೆ ಕಂಗಾಲಾಗಿದ್ದ ನನಗೆ ಇದೂ ಒಂದು ಸೇರಿಕೊಂಡಿತು.

ಅದೇ ಸಮಯಕ್ಕೆ ನಾವು ಮಾಯಸಂದ್ರದ ಬಾಡಿಗೆ ಮನೆ ಬಿಟ್ಟು, ತುರುವೇಕೆರೆಯ ಈಚೆಗೆ ನಮ್ಮ ತೆಂಗಿನ ತೋಟದಲ್ಲಿ ಕಟ್ಟಿಸಿದ ಮನೆಗೆ ಹೊರಟಿದ್ದೆವು. ಸಾಮಾನೆಲ್ಲ ಟೆಂಪೋ ಏರಿತು; ಏರದೆ ಉಳಿದವಳು ಕೆಂಪಿ, ನಮ್ಮ ಹಸು. ಹಲಗೆಯ ಮೇಲೆ ಒಂದು ಕಾಲಿಟ್ಟು, ಲೋಕದ ಅಭದ್ರತೆಯನ್ನೆಲ್ಲ ಆ ಒಂದೇ ಕಾಲಿನಿಂದ ಅರಿತು, ಹಿಂದೆಗೆದಳು. ತುಂಬು ಗಬ್ಬದವಳನ್ನು ದಬ್ಬುವಂತೆಯೂ ಇಲ್ಲ. ಕಳೆದ ಸಲ ಅವಳ ಕರು ಹುಟ್ಟುತ್ತಲೇ ಸತ್ತು, ಸರೋಜ ದಿನಗಟ್ಟಲೆ ಕೊಟ್ಟಿಗೆಯ ಕಡೆ ತಲೆಯೆತ್ತಿ ನೋಡಿರಲಿಲ್ಲ. ಈ ಕರುವನ್ನಾದರೂ ಉಳಿಸಿಕೊಳ್ಳಬೇಕೆಂದು ಅವಳು ಮುಡಿಪು ಕಟ್ಟಿದ್ದಳು. ಇನ್ನೂ ಎರಡು ವಾರ ಇದೆಯೆಂದು ಪಶುವೈದ್ಯರು ಹೇಳಿದ್ದರು. ಆಗ ಪುಸ್ತಕದ ಅಮಲು ನನ್ನ ಬಾಯಿಂದ ಮಾತಾಡಿತು: "ಸಾವಿರ ಮೈಲಿ ಹಸು ಹೊಡ್ಕೊಂಡ್ ನಡೆದೋರವ್ರೆ ಕಣೇ, ತುರುವೇಕೆರೆ ಯಾವ ಲೆಕ್ಕ!"

ಸರೋಜ ಹಗ್ಗ ಹಿಡಿದಳು, ನಾನು ಚೀಲ ಹಿಡಿದೆ. ಮರುದಿನ ಹಾಲುಕ್ಕಿಸುವಾಗ ಉಡಬೇಕಾದ ಹೊಸ ಪಂಚೆ ಟೆಂಪೋದಲ್ಲಿ ಮುದುರೀತೆಂದು ಅದೂ ಚೀಲದಲ್ಲೇ ಇತ್ತು.

ಅರ್ಧದಾರಿಯಲ್ಲಿ, ಯಾರದೋ ತೋಟದ ಬೇಲಿಯ ಪಕ್ಕದಲ್ಲಿ, ಕೆಂಪಿ ನಿಂತಳು, ಏದುಸಿರು ಬಿಟ್ಟಳು, ಮಲಗಿಯೇಬಿಟ್ಟಳು. ನನ್ನ ಜೀವವೂ ಅವಳ ಪಕ್ಕದಲ್ಲೇ ಮಲಗಿತು. ಸರೋಜ ನನ್ನತ್ತ ಒಂದು ಸಲ ನೋಡಿ, ಕೆಂಪಿಯ ತಲೆಯ ಬಳಿ ಕುಕ್ಕರಿಸಿದಳು. ಸದ್ದು ಕೇಳಿ ತೋಟದ ಒಡತಿ ನಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಅಯ್ ಶಿವ್ನೇ, ಈ ಸ್ಥಿತೀಲಿ ನಡುಸ್ಕೊಂಡ್ ಬಂದ್ರಾ? ಯಾವ ಪುಣ್ಯಾತ್ಮ ಹೇಳ್ದೋನು?"

"ಇವ್ರೇ ಕಣಕ್ಕ. ಪುಸ್ತಕ್ದಲ್ಲಿ ಓದಿದ್ರಂತೆ" ಎಂದಳು ಸರೋಜ.

ನಾನು ಟಾರ್ಚು ತೆಗೆದೆ. ನಡುಮಧ್ಯಾಹ್ನವಾಗಿತ್ತು. ಓಮಿನ ಡಬ್ಬಿ ತೆಗೆದೆ. ನಿಂಗಮ್ಮ ನನ್ನನ್ನು ನೋಡಿ, "ನಿಮ್ಮೆಜಮಾನ್ರುನ್ನ ಅತ್ಲಾಗ್ ನಿಲ್ಸವ್ವಾ, ಅವ್ರ್ ಮುಖ ನೋಡೇ ಹಸ ಗಾಬ್ರಿ ಬೀಳ್ತೈತೆ" ಎಂದರು. ನಾನು ಒಂದು ತೆಂಗಿನಮರದ ಹಿಂದೆ ನಿಂತು, ಅದು ನನಗಿಂತ ಸಪೂರವಾಗಿದ್ದರೂ, ಮರೆಯಾದೆನೆಂದು ಭಾವಿಸಿಕೊಂಡೆ.

ಕರು ಜಾರಿ ಬಿತ್ತು. ಅಲುಗಲಿಲ್ಲ. ಸರೋಜ ನನ್ನ ಚೀಲವನ್ನು ಮಣ್ಣಿನ ಮೇಲೆ ಬೋರಲು ಸುರಿದಳು. ಗೋಂದು, ಮಾತ್ರೆ, ಕನ್ನಡಕಗಳೆಲ್ಲ ಆ ಕೈಗಾಡಿಯವರ ಗಡಿಯಾರ ಪಿಂಗಾಣಿಗಳಂತೆ ದಾರಿಬದಿಯಲ್ಲಿ ಹರಡಿಕೊಂಡವು. ಪಂಚೆಯೊಂದನ್ನೇ ಹಿಡಿದು ಕರುವಿನ ಮೂಗು ಬಾಯಿ ಒರೆಸಿ, ಮೈಯನ್ನು ಗಸಗಸ ತಿಕ್ಕಿದಳು. ತಿಕ್ಕಿದಳು. ನಿಂಗಮ್ಮ ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದರು.

ಕರು ಸೀನಿತು. ಒಂದೇ ಒಂದು, ಒಂಟಿ ಸೀನು.

ನನ್ನ ಆಯುಷ್ಯದಲ್ಲಿ ಅಷ್ಟು ಮಂಗಳಕರವಾದ ನಾದವನ್ನು ನಾನು ಕೇಳಿಲ್ಲ. ಸರೋಜ ಅಳುತ್ತಿದ್ದಳೋ ನಗುತ್ತಿದ್ದಳೋ, ಕನ್ನಡಕಕ್ಕೆ ಧೂಳು ಮೆತ್ತಿದ್ದರಿಂದ ನನಗೆ ಸರಿಯಾಗಿ ಕಾಣಲಿಲ್ಲ. ಅಥವಾ ಕಾಣದಿದ್ದುದಕ್ಕೆ ಕಾರಣ ಬೇರೆಯೇ ಇದ್ದೀತು.

ಮಾಸು ಬಿದ್ದು, ಕೆಂಪಿ ಎದ್ದು ನಿಂತು ಬೆಲ್ಲದ ನೀರು ಕುಡಿಯುವ ಹೊತ್ತಿಗೆ, ಸಾಮಾನಿಳಿಸಿದ್ದ ಟೆಂಪೋ ಕರೆಯ ಮೇರೆಗೆ ವಾಪಸು ಬಂತು. ಮತ್ತೆ ಅದೇ ಹಲಗೆ. ಇವಳು ಹತ್ತುವವಳಲ್ಲ ಎಂದು ನಾನು ಚಿಂತೆಯ ಹೊಸ ಅಧ್ಯಾಯ ತೆರೆಯುವಷ್ಟರಲ್ಲಿ ಸರೋಜ ಕರುವನ್ನೆತ್ತಿ ಟೆಂಪೋದ ಹುಲ್ಲಿನ ಮೇಲೆ ಮಲಗಿಸಿದಳು. ಹಗ್ಗ ಹಿಡಿಯುವ ಮೊದಲೇ ಕೆಂಪಿ ಹಲಗೆಯ ಮೇಲಿದ್ದಳು. ಬೆಳಗ್ಗೆ ಅಭದ್ರವಾಗಿದ್ದ ಲೋಕ ಈಗಲೂ ಹಾಗೇ ಅಲುಗುತ್ತಿತ್ತು. ಅವಳು ಅತ್ತ ನೋಡಲೂ ಇಲ್ಲ. ಹತ್ತಿ ನಿಂತ ಮೇಲೆ ಮಾತ್ರ ಡ್ರೈವರನ ಕಡೆ ತಿರುಗಿ, ಬಯ್ದಂತೆ ಒಮ್ಮೆ ಬುಸುಗುಟ್ಟಿದಳು.

ಹರಿದುಹೋಗಿದ್ದ ಹಾಳೆ ನನಗೆ ಸಿಕ್ಕಿತು. ಮುದುಕಿಗೆ ಯಾವ ಬೋಧಕನೂ ಹೊಸದೇನನ್ನೂ ಬೋಧಿಸಿರಲಾರ. ಮಗಳ ತೋಳಿನಲ್ಲಿ ಕೂಸು ಹಡಗೇರಿತ್ತು, ಅಷ್ಟೆ. ನಂಬಿಕೆಯಿಂದ ಹೊರಟವರು ಎಷ್ಟೋ ಮಂದಿ; ಹೊರಟವರನ್ನು ಬಿಟ್ಟಿರಲಾರದೆ, ಬಯ್ಯುತ್ತಲೇ ಹಿಂದೆ ಹತ್ತಿದವರೂ ಸೇರಿಯೇ ಆ ಊರು ಕಟ್ಟಿದ್ದಿರಬೇಕು. ಅಷ್ಟು ದೂರ ಯಾಕೆ, ನನ್ನ ಮಾತು ಕೇಳಿ ಹಗ್ಗ ಹಿಡಿದು ಹೊರಟವಳನ್ನೇ ನೋಡಿ.

ಈಗ ಹೊಸ ಮನೆಯಲ್ಲಿದ್ದೇವೆ. ಚೀಲ ಇನ್ನೂ ಬಗಲಲ್ಲಿದೆ. ಮಾತ್ರೆಗಳ ಜೊತೆಗೆ, ಎಷ್ಟು ಒಗೆದರೂ ಕಲೆ ಹೋಗದ ಪಂಚೆಯೂ ಅದರಲ್ಲಿದೆ. ಇವತ್ತು ಬೆಳಗ್ಗೆ ಹೊಸಲು ದಾಟುತ್ತಿದ್ದಂತೆ ಕೊಟ್ಟಿಗೆಯಿಂದ ಕರು ಸೀನಿತು. ಒಂಟಿ ಸೀನು. ಸರೋಜ ಒಳಗಿನಿಂದ ನೀರಿನ ಲೋಟ ಹಿಡಿದು ಬಂದಳು.

"ಯಾಕ್ರೀ, ಕೂರಲ್ವಾ?"

"ಶುಭ ಶಕುನ ಕಣೇ" ಎಂದು ಹೊರಟೇಬಿಟ್ಟೆ.